ಹೂ ಮೂಸುವ ಗೂಳಿಯ ಜನಕ ಮನ್ರೋ ಲೀಫ್

ಓರಗೆಯ ಮಕ್ಕಳೆಲ್ಲ ಕೆಳಗೆ ಕುಣಿದು ಕುಪ್ಪಳಿಸುತ್ತಿರುವಾಗ ನಮ್ಮ ಮಗು ಮಾತ್ರ ತನ್ನಷ್ಟಕ್ಕೆ ತಾನು ಮೂಲೆಯಲ್ಲಿ ಕೂತಿದ್ದರೆ, ತಾಯಂದಿರಾದ ನಮಗೆ ಒಳಗೊಳಗೇ ಆತಂಕ. ಇದೇ ಆತಂಕವನ್ನು ಒಂದು ಹಸುವಿನ ಮನಸ್ಸಿನಲ್ಲಿಟ್ಟು, ನಗಿಸುತ್ತಲೇ ಉತ್ತರ ಕೊಟ್ಟವರು ಅಮೆರಿಕದ ಮಕ್ಕಳ ಸಾಹಿತಿ ಮನ್ರೋ ಲೀಫ್.

ಲೀಫ್ ಹುಟ್ಟಿದ್ದು 1905ರ ಡಿಸೆಂಬರ್ 4ರಂದು, ಮೇರಿಲ್ಯಾಂಡ್ ರಾಜ್ಯದಲ್ಲಿ. ಅಲ್ಲಿನ ವಿಶ್ವವಿದ್ಯಾಲಯದಲ್ಲೂ ಹಾರ್ವರ್ಡ್‌ನಲ್ಲೂ ಓದಿ ಕೆಲಕಾಲ ಶಾಲಾ ಮಾಸ್ತರರಾಗಿದ್ದರು. ಆಮೇಲೆ ನ್ಯೂಯಾರ್ಕಿನ ಪ್ರಕಾಶನ ಸಂಸ್ಥೆಯೊಂದರಲ್ಲಿ ಸಂಪಾದಕರಾದರು. ಮಕ್ಕಳಿಗೆ ಉಪದೇಶ ರುಚಿಸದು, ನಗು ರುಚಿಸುತ್ತದೆ ಎಂಬುದನ್ನು ಬಲ್ಲವರು. ನಡೆನುಡಿಯ ಪಾಠವನ್ನು ಕಡ್ಡಿಯಂಥ ಗೊಂಬೆಗಳನ್ನು ತಾವೇ ಬರೆದು ಕಲಿಸಿದವರು.

ಅವರ ಗೆಳೆಯ ರಾಬರ್ಟ್ ಲಾಸನ್ ಒಳ್ಳೆಯ ಚಿತ್ರಕಾರ. ಲಾಸನ್ ಮನಸಾರೆ ಚಿತ್ರ ಬರೆಯಲು ಒಂದು ಕಥೆ ಬೇಕೆಂದು 1935ರಲ್ಲಿ ಲೀಫ್ ಒಂದು ಗಂಟೆಯೊಳಗೆ ಕಥೆ ಗೀಚಿದರು. ನಾಯಿ, ಮೊಲ, ಇಲಿಗಳ ಕಥೆ ಆಗಲೇ ಸಾಕಷ್ಟಿದ್ದುದರಿಂದ ಗೂಳಿಯನ್ನು ಆರಿಸಿಕೊಂಡರು.

ಸ್ಪೇನಿನ ಎಳೆಯ ಹೋರಿ ಫರ್ಡಿನಾಂಡ್‌ಗೆ ಗುದ್ದಾಟ ಬೇಡ. ಮರದ ನೆರಳಲ್ಲಿ ಕೂತು ಹೂ ಮೂಸುವುದೇ ಇಷ್ಟ. ಮಗನಿಗೆ ಒಂಟಿತನ ಕಾಡುತ್ತದೇನೋ ಎಂದು ತಾಯಿ ಚಿಂತಿಸುತ್ತಾಳೆ. ಕೇಳಿ ನೋಡುತ್ತಾಳೆ. ಅವನು ಸುಖವಾಗಿದ್ದಾನೆಂದು ತಿಳಿದ ಮೇಲೆ ಅವನ ಪಾಡಿಗೆ ಬಿಡುತ್ತಾಳೆ. ಮುಂದೊಂದು ದಿನ ಅವನು ದುಂಬಿಯ ಮೇಲೆ ಕೂತು, ಕುಟುಕಿಸಿಕೊಂಡು ಕುಣಿದಾಡಿದಾಗ, ಇವನೇ ಮಹಾ ಉಗ್ರ ಗೂಳಿಯೆಂದು ಜನ ಮ್ಯಾಡ್ರಿಡ್‌ನ ಗೂಳಿಕಾಳಗಕ್ಕೆ ಎಳೆದೊಯ್ಯುತ್ತಾರೆ. ಅಲ್ಲಿಯೂ ಅವನು ಹೆಂಗಸರು ಮುಡಿದ ಹೂವಿನ ಕಂಪಿಗೆ ಸೋತು ಕಣದ ನಡುವೆ ಕೂತುಬಿಡುತ್ತಾನೆ!

ಪುಸ್ತಕ ಬಂದದ್ದು 1936ರ ಸೆಪ್ಟೆಂಬರಿನಲ್ಲಿ. ಕೆಲವೇ ವಾರಗಳ ಹಿಂದೆ ಸ್ಪೇನಿನಲ್ಲಿ ಅಂತರ್ಯುದ್ಧ ಶುರುವಾಗಿತ್ತು. ಹಾಗಾಗಿ ಮಕ್ಕಳ ಕಥೆಯಲ್ಲಿ ದೊಡ್ಡವರು ರಾಜಕೀಯ ಹುಡುಕಿದರು. ಕೆಲವರಿಗೆ ಲೀಫ್ ಕಮ್ಯುನಿಸ್ಟರಾಗಿ ಕಂಡರು, ಕೆಲವರಿಗೆ ಫ್ಯಾಸಿಸ್ಟರಾಗಿ. ಫ್ರಾಂಕೋನ ಸ್ಪೇನಿನಲ್ಲಿ ಪುಸ್ತಕಕ್ಕೆ ನಿಷೇಧ ಬಿತ್ತು. ಹಿಟ್ಲರನ ಜರ್ಮನಿ ಸುಟ್ಟಿತು. ನಮ್ಮ ಗಾಂಧೀಜಿಗೆ ಈ ಕಥೆ ಬಹಳ ಮೆಚ್ಚುಗೆಯಾಗಿತ್ತೆಂದು ಹೇಳುತ್ತಾರೆ. ಲೀಫ್ ಮಾತ್ರ ಮಕ್ಕಳು ನಗಲಿ ಎಂದಷ್ಟೇ ಬರೆದೆ ಎನ್ನುತ್ತಿದ್ದರು.

ಈ ಪುಟ್ಟ ಪುಸ್ತಕವನ್ನು ವಾಲ್ಟ್ ಡಿಸ್ನಿ ಸಂಸ್ಥೆ 1938ರಲ್ಲಿ ಸುಮಾರು ಎಂಟು ನಿಮಿಷದ ಕಾರ್ಟೂನ್ ಚಿತ್ರ ಮಾಡಿತು. ನಿರ್ದೇಶಕರು ಡಿಕ್ ರಿಕಾರ್ಡ್. ಲಾಸನ್‌ರ ಕಪ್ಪುಬಿಳುಪು ಗೆರೆಗಳಿಗೆ ಬಣ್ಣ ಬಂತು. ಮರದಲ್ಲಿ ಹಣ್ಣಿನ ಗೊಂಚಲಿನಂತೆ ಬಾಟಲಿಯ ಬಿರಡೆಗಳು ತೂಗಾಡುವ ಅವರ ತಮಾಷೆ ಹಾಗೆಯೇ ಉಳಿಯಿತು. ಹೊಸ ಹಾಸ್ಯವೂ ಸೇರಿತು. ಕಣದೊಳಗೆ ಠೀವಿಯಿಂದ ನಡೆದುಬರುವ ಕಾಳಗದವರ ಮುಖಗಳೆಲ್ಲ ಡಿಸ್ನಿಯ ಕಲಾವಿದರದ್ದೇ! ಗೂಳಿಯನ್ನು ಕೆರಳಿಸಲಾಗದೆ ಮಟಡೋರ್ ಗೋಗರೆಯುತ್ತಾನೆ, ಅಳುತ್ತಾನೆ, ಅಂಗಿ ಹರಿದುಕೊಳ್ಳುತ್ತಾನೆ. ಅವನೆದೆಯ ಮೇಲಿನ ಹೂವಿನ ಹಚ್ಚೆಯನ್ನು ಫರ್ಡಿನಾಂಡ್ ಪ್ರೀತಿಯಿಂದ ನೆಕ್ಕುತ್ತಾನೆ. ತಾಯಿ ಹಸುವಿಗೆ ದನಿ ಕೊಟ್ಟವರು ಸ್ವತಃ ಡಿಸ್ನಿ. ಇಷ್ಟೆಲ್ಲ ಸೇರಿಸಿದರೂ ಮೂಲಕಥೆಯ ಮೆಲುದನಿಯನ್ನು ಚಿತ್ರ ಕೆಡಿಸಲಿಲ್ಲ. ಫರ್ಡಿನಾಂಡ್ ಕೊನೆಗೂ ಬದಲಾಗಲಿಲ್ಲ, ವೀರನಾಗಲಿಲ್ಲ. ಆ ವರ್ಷದ ಅತ್ಯುತ್ತಮ ಕಾರ್ಟೂನ್ ಕಿರುಚಿತ್ರಕ್ಕಿದ್ದ ಆಸ್ಕರ್ ಅದಕ್ಕೇ ಸಿಕ್ಕಿತು.

ಎರಡನೇ ಮಹಾಯುದ್ಧ ಮುಗಿದ ಮೇಲೆ, ಯಾವ ನೆಲದಲ್ಲಿ ಪುಸ್ತಕ ಸುಟ್ಟಿದ್ದರೋ ಅದೇ ಜರ್ಮನಿಯ ಮಕ್ಕಳಿಗೆ ಅದರ 30,000 ಪ್ರತಿಗಳನ್ನು ಉಚಿತವಾಗಿ ಹಂಚಲಾಯಿತು. ಲೀಫ್ ಮುಂದೆಯೂ ಬಹಳ ಪುಸ್ತಕಗಳನ್ನು ಬರೆದರು. ಆದರೆ ಒಂದು ಗಂಟೆಯಲ್ಲಿ ಗೀಚಿದ ಆ ಕಥೆಯೇ ಅವರ ಹೆಸರಾಗಿ ನಿಂತಿತು. 1976ರ ಡಿಸೆಂಬರ್ 21ರಂದು ಅವರು ತೀರಿಕೊಂಡರು. ಸ್ವೀಡನ್‌ನಲ್ಲಿ ಈಗಲೂ ಪ್ರತಿ ಕ್ರಿಸ್ಮಸ್ ಹಿಂದಿನ ದಿನ ಮನೆಮಂದಿಯೆಲ್ಲ ಟಿವಿಯ ಮುಂದೆ ಕೂತು ಈ ಹೂಪ್ರೇಮಿ ಗೂಳಿಯನ್ನು ನೋಡಿ ನಗುತ್ತಾರೆ.

ಕಥೆ ಫರ್ಡಿನಾಂಡನದ್ದೇ ಇರಬಹುದು. ನನಗೆ ಮಾತ್ರ ನೆನಪಿನಲ್ಲಿ ಉಳಿದವಳು ಆ ತಾಯಿ. ಅವಳು ಮಗನನ್ನು ಬೇರೆಯವರ ಮಕ್ಕಳ ಜೊತೆ ಹೋಲಿಸಲಿಲ್ಲ. ಸುಖವಾಗಿದ್ದೀಯಾ ಎಂದು ಕೇಳಿದಳು, ಅವನ ಉತ್ತರವನ್ನು ನಂಬಿದಳು. ಟ್ಯೂಷನ್ನು, ಸ್ಪರ್ಧೆ, ರ‍್ಯಾಂಕುಗಳ ಗಡಿಬಿಡಿಯಲ್ಲಿ ನಾವೂ ನಮ್ಮ ಮಕ್ಕಳನ್ನು ಒಮ್ಮೆ ಹಾಗೆ ಕೇಳಿ ನೋಡೋಣವೇ?