ಸಂಕೋಲೆ ಕಡಿದ ತೂಸಾಂ ಲೂವರ್ತೂರ್

ವಿಶ್ವ ಭೂಪಟದಲ್ಲಿ ಕ್ಯೂಬಾದ ಪೂರ್ವಕ್ಕೆ ಕಣ್ಣು ಹಾಯಿಸಿರಿ. ಅಲ್ಲಿ ಹಿಸ್ಪಾನಿಯೋಲಾ ಎಂಬ ದ್ವೀಪವಿದೆ. ಅದರ ಪಶ್ಚಿಮದ ಮೂರನೇ ಒಂದು ಭಾಗವೇ ಹೈಟಿ. ಮೂಲನಿವಾಸಿಗಳಾದ ತೈನೋ ಜನರ ಭಾಷೆಯಲ್ಲಿ ಈ ಹೆಸರಿಗೆ ಬೆಟ್ಟಗಳ ನಾಡು ಎಂದರ್ಥ. ಈ ನಾಡಿನ ಬಿಡುಗಡೆಗೆ ದಾರಿ ತೆರೆದ ತೂಸಾಂ ಲೂವರ್ತೂರ್ ಅವರ ಬದುಕನ್ನು ನೀವು ತಿಳಿಯಲೇಬೇಕು.

18ನೇ ಶತಮಾನದಲ್ಲಿ ಹೈಟಿಯು ಸಾಂ ದೊಮಿಂಗ್ ಎಂಬ ಹೆಸರಿನ ಫ್ರೆಂಚ್ ವಸಾಹತಾಗಿತ್ತು. ಯುರೋಪಿನ ಜನ ಸವಿಯುತ್ತಿದ್ದ ಸಕ್ಕರೆ ಮತ್ತು ಕಾಫಿಯ ದೊಡ್ಡ ಪಾಲು ಇಲ್ಲಿಂದಲೇ ಹೋಗುತ್ತಿತ್ತು. ಅದಕ್ಕಾಗಿ ಬೆವರು, ನೆತ್ತರು ಸುರಿಸುತ್ತಿದ್ದವರು ಆಫ್ರಿಕಾ ಮೂಲದ ಸುಮಾರು 5 ಲಕ್ಷ ಗುಲಾಮರು. 1743ರ ಸುಮಾರಿಗೆ ಬ್ರೆಡಾ ಎಂಬ ತೋಟದಲ್ಲಿ ಗುಲಾಮರ ಮಗನಾಗಿ ತೂಸಾಂ ಜನಿಸಿದರು. ಕುದುರೆಗಳನ್ನು ನೋಡಿಕೊಳ್ಳುತ್ತ, ಗಾಡಿ ಓಡಿಸುತ್ತ ಬೆಳೆದರು. ಗುಲಾಮರಿಗೆ ಅಕ್ಷರ ಕನಸಾಗಿದ್ದ ಕಾಲದಲ್ಲಿ ಅವರು ಓದಲು ಕಲಿತರು. ಅವರ ಬರವಣಿಗೆಯಲ್ಲಿ ಕಾಗುಣಿತದ ತಪ್ಪುಗಳಿದ್ದವು. ಆದರೂ ಮುಂದೆ ಕಾರ್ಯದರ್ಶಿಗಳಿಂದ ಪತ್ರ ಬರೆಸಿ ರಾಜ್ಯವನ್ನೇ ನಡೆಸಿದರು.

1791ರ ಆಗಸ್ಟ್‌ನಲ್ಲಿ ಗುಲಾಮರು ದಂಗೆಯೆದ್ದರು. ಅಷ್ಟರಲ್ಲಿ ಬಿಡುಗಡೆ ಪಡೆದಿದ್ದ ತೂಸಾಂ ದಂಗೆಗೆ ಸೇರಿ, ಚದುರಿದ್ದ ಜನರನ್ನು ಶಿಸ್ತಿನ ಸೈನ್ಯವಾಗಿಸಿದರು. ಮೊದಲು ಸ್ಪೇನ್ ಪರವಾಗಿ ಹೋರಾಡಿದರು. 1794ರಲ್ಲಿ ಫ್ರಾನ್ಸ್ ಗುಲಾಮಗಿರಿಯನ್ನು ರದ್ದುಗೊಳಿಸಿದ ವರ್ಷವೇ ಅದರ ಪಕ್ಷಕ್ಕೆ ಬಂದರು. 1798ರಲ್ಲಿ ಬ್ರಿಟಿಷ್ ಸೇನೆ ದ್ವೀಪ ಬಿಟ್ಟು ಹೋಗುವಂತೆ ಮಾಡಿದರು. 1801ರ ಅವರ ಸಂವಿಧಾನವು ಆ ನೆಲದಲ್ಲಿ ಗುಲಾಮಗಿರಿ ಎಂದೆಂದಿಗೂ ಇರಕೂಡದೆಂದು ಸಾರಿತು.

ಆದರೆ ಓದುಗರೇ, ಮಹಾಪುರುಷರ ಕುಂದುಗಳನ್ನೂ ಅರಿಯುವುದು ವಿದ್ಯಾವಂತರ ಲಕ್ಷಣ. ಅದೇ ಸಂವಿಧಾನದಲ್ಲಿ ಅವರು ತಮ್ಮನ್ನು ಆಜೀವ ಗವರ್ನರ್ ಮಾಡಿಕೊಂಡರು. ತೋಟಗಳ ಉತ್ಪನ್ನ ಕುಸಿಯಬಾರದೆಂದು, ಬಿಡುಗಡೆಯಾದ ಕೂಲಿಗಳು ತೋಟ ಬಿಟ್ಟು ಹೋಗದಂತೆ ಕಠಿಣ ನಿಯಮ ವಿಧಿಸಿದರು. ತುಂಡು ಭೂಮಿಯ ಆಸೆ ಹೊತ್ತಿದ್ದ ಬಡವರಿಗೆ ಇದು ನೋವು ತಂದಿತು.

ತಮ್ಮ ಮಕ್ಕಳು ಓದಬೇಕೆಂಬ ಹಂಬಲ ಅವರಿಗೆ ಬಹಳವಿತ್ತು. ಮಗ ಇಸಾಕ್ ಮತ್ತು ಮಲಮಗ ಪ್ಲಾಸಿಡ್‌ರನ್ನು 1796ರಲ್ಲಿ ಪ್ಯಾರಿಸ್‌ಗೆ ಕಳುಹಿಸಿದರು. 1802ರಲ್ಲಿ ದ್ವೀಪವನ್ನು ಮತ್ತೆ ಹಿಡಿತಕ್ಕೆ ತರಲು ನೆಪೋಲಿಯನ್ ದೊಡ್ಡ ಸೇನೆಯನ್ನು ಅಟ್ಟಿದಾಗ, ತಂದೆಯ ಮನವೊಲಿಸಲೆಂದು ಆ ಮಕ್ಕಳನ್ನೇ ಜೊತೆಗೆ ಕಳುಹಿಸಿದನು. ಎಂಥ ಸಂಕಟ, ಯೋಚಿಸಿರಿ! ಮಕ್ಕಳನ್ನು ಅಪ್ಪಿಕೊಂಡ ತೂಸಾಂ ಶರಣಾಗಲಿಲ್ಲ. ದಾರಿಯನ್ನು ಆರಿಸುವ ಹಕ್ಕನ್ನು ಅವರಿಗೇ ಬಿಟ್ಟರು. ಪ್ಲಾಸಿಡ್ ತಂದೆಯೊಡನೆ ನಿಂತನು. ಫ್ರಾನ್ಸಿನ ವಿರುದ್ಧ ಆಯುಧ ಹಿಡಿಯಲು ಇಸಾಕ್ ಒಪ್ಪಲಿಲ್ಲ.

ಕೆಲವು ತಿಂಗಳ ಯುದ್ಧದ ಬಳಿಕ ಒಪ್ಪಂದವಾಯಿತು. ಆದರೆ ಜೂನ್‌ನಲ್ಲಿ ಮಾತುಕತೆಗೆಂದು ಕರೆದು ತೂಸಾಂರನ್ನು ಸೆರೆಹಿಡಿದರು. ಬಿಸಿಲ ನಾಡಿನ ಆ ಮುದಿಜೀವ ಫ್ರಾನ್ಸಿನ ಜೂರಾ ಪರ್ವತದ ಜೂ ಕೋಟೆಯ ಕೊರೆಯುವ ಚಳಿಯಲ್ಲಿ 1803ರ ಏಪ್ರಿಲ್ 7ರಂದು ಕೊನೆಯುಸಿರೆಳೆಯಿತು.

ನಾಯಕ ಸತ್ತರೂ ಹೋರಾಟ ಸಾಯಲಿಲ್ಲ. ಅವರ ಸೇನಾನಿಯಾಗಿದ್ದ ದೆಸಲೀನ್ ನವೆಂಬರ್‌ನಲ್ಲಿ ವೆರ್ತಿಯೇರ್ ಕದನವನ್ನು ಗೆದ್ದರು. 1804ರ ಜನವರಿ 1ರಂದು ನಾಡು ಸ್ವತಂತ್ರವಾಗಿ, ಹೈಟಿ ಎಂಬ ಹಳೆಯ ಹೆಸರನ್ನು ಮರಳಿ ಪಡೆಯಿತು. ಸ್ವಾತಂತ್ರ್ಯವನ್ನು ಮಾನ್ಯ ಮಾಡಲು ಫ್ರಾನ್ಸ್ 1825ರಲ್ಲಿ 15 ಕೋಟಿ ಫ್ರಾಂಕ್ ಪರಿಹಾರ ಕೇಳಿತು. ಮುಂದೆ ಮೊತ್ತ ತಗ್ಗಿದರೂ ಆ ಸಾಲ ಬಡ ದೇಶವನ್ನು ತಲೆಮಾರುಗಳ ಕಾಲ ಹಿಂಡಿತು. ಗುಲಾಮರ ಬಾಯಲ್ಲಿ ಬೆಳೆದ ಕ್ರಿಯೋಲ್ ಮಾತು ಮಾತ್ರ 1987ರ ಸಂವಿಧಾನದಿಂದ ಫ್ರೆಂಚ್‌ನೊಂದಿಗೆ ಅಧಿಕೃತ ಭಾಷೆಯ ಗೌರವ ಪಡೆಯಿತು.

ವಿದ್ಯಾರ್ಥಿಗಳೇ, ನಿಮ್ಮ ಕೈಯಲ್ಲಿರುವ ಪುಸ್ತಕವನ್ನು ಹಗುರವೆಂದು ತಿಳಿಯಬೇಡಿ. ಕುದುರೆ ಲಾಯದಲ್ಲಿದ್ದವರೊಬ್ಬರು ಕಲಿತ ನಾಲ್ಕಕ್ಷರ ಲಕ್ಷಾಂತರ ಜನರ ಬಿಡುಗಡೆಗೆ ನೆರವಾಯಿತು. ನೀವು ಕಲಿತದ್ದು ಯಾರ ಬಿಡುಗಡೆಗೆ ನೆರವಾಗಲಿದೆ? ಉತ್ತರವನ್ನು ನಿಮ್ಮ ಬದುಕಿನಿಂದ ಬರೆಯಿರಿ.