ಸಿ ಭಾಷೆಯ ನಿರ್ಮಾಪಕ ಡೆನ್ನಿಸ್ ರಿಚಿ

ಗಣಕಯಂತ್ರದ ಪಾಠವನ್ನು ಅಭ್ಯಾಸ ಮಾಡುವ ವಿದ್ಯಾರ್ಥಿಗಳಿಗೆ ಸಿ ಭಾಷೆಯ ಹೆಸರು ಚಿರಪರಿಚಿತ. ಅದನ್ನು ರೂಪಿಸಿದ ಮಹನೀಯರ ಹೆಸರು ಅಷ್ಟು ಪರಿಚಿತವಲ್ಲ. ಡೆನ್ನಿಸ್ ಮ್ಯಾಕ್‌ಅಲಿಸ್ಟೇರ್ ರಿಚಿಯವರು ೧೯೪೧ನೆಯ ಇಸವಿ ಸೆಪ್ಟೆಂಬರ್ ೯ರಂದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬ್ರಾಂಕ್ಸ್‌ವಿಲ್‌ನಲ್ಲಿ ಜನಿಸಿದರು. ತಂದೆ ಅಲಿಸ್ಟೇರ್ ರಿಚಿಯವರು ಬೆಲ್ ಪ್ರಯೋಗಾಲಯದ ವಿಜ್ಞಾನಿಗಳು. ಮಗನೂ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರವನ್ನೂ ಅನ್ವಯಿಕ ಗಣಿತವನ್ನೂ ವ್ಯಾಸಂಗ ಮಾಡಿ, ೧೯೬೭ರಲ್ಲಿ ಅದೇ ಪ್ರಯೋಗಾಲಯವನ್ನು ಸೇರಿದರು. ೧೯೬೮ರಲ್ಲಿ ಅವರ ಮಹಾಪ್ರಬಂಧ ಸಿದ್ಧವಾಗಿತ್ತು. ಆದರೆ ಅದರ ರಟ್ಟು ಕಟ್ಟಿದ ಪ್ರತಿಯನ್ನು ಅವರು ಗ್ರಂಥಾಲಯಕ್ಕೆ ಒಪ್ಪಿಸಲಿಲ್ಲ. ಡಾಕ್ಟರೇಟ್ ಪದವಿ ವಿಧಿವತ್ತಾಗಿ ದೊರೆಯಲೂ ಇಲ್ಲ. ಪದವಿಪತ್ರಕ್ಕಾಗಿಯೇ ಓದುವ ನಮಗೆ ಇದು ವಿಚಿತ್ರವೆನಿಸೀತು.

೧೯೬೯ರಲ್ಲಿ ಬೆಲ್ ಪ್ರಯೋಗಾಲಯವು ಮಲ್ಟಿಕ್ಸ್ ಎಂಬ ಬೃಹತ್ ಯೋಜನೆಯಿಂದ ಹಿಂದೆ ಸರಿಯಿತು. ಆಗ ಕೆನ್ ಥಾಂಪ್ಸನ್, ಕ್ಯಾನಡೇ ಮತ್ತು ರಿಚಿ ಈ ಮೂವರು ಕಪ್ಪುಹಲಗೆಯ ಮೇಲೆ ಕಡತವ್ಯವಸ್ಥೆಯೊಂದರ ರೂಪರೇಖೆಯನ್ನು ಸಿದ್ಧಪಡಿಸಿದರು. ಅದರ ಹಿರಿಯ ಪಾಲು ಥಾಂಪ್ಸನ್ನರದೇ ಎಂಬುದನ್ನು ರಿಚಿಯವರು ಮುಂದೆ ಮುಕ್ತಮನಸ್ಸಿನಿಂದ ಬರೆದಿದ್ದಾರೆ. ಹೀಗೆ ಹುಟ್ಟಿದುದು ಯೂನಿಕ್ಸ್.

ಯೂನಿಕ್ಸ್‌ನಲ್ಲಿ ಡೈರೆಕ್ಟರಿಯೂ ಒಂದು ಕಡತವೇ. ಶಾಲೆಯ ಹಾಜರಿ ಪುಸ್ತಕದಲ್ಲಿ ಕ್ರಮಸಂಖ್ಯೆಯೂ ಹೆಸರೂ ಇರುವಂತೆ, ಅದರ ಒಂದೊಂದು ನಮೂದಿಗೆ ೧೬ ಬೈಟುಗಳು: ಮೊದಲ ೨ರಲ್ಲಿ ಕಡತದ ಸಂಖ್ಯೆ, ಉಳಿದ ೧೪ರಲ್ಲಿ ಹೆಸರು. ಕಡತದ ಗಾತ್ರ, ಒಡೆತನ, ಅನುಮತಿ ಮುಂತಾದ ವಿವರಗಳೆಲ್ಲ ಆ ಸಂಖ್ಯೆಯು ತೋರುವ ಐನೋಡ್‌ನಲ್ಲಿ. ಡೈರೆಕ್ಟರಿಯಲ್ಲಿ ಬರೆಯುವ ಅಧಿಕಾರ ವ್ಯವಸ್ಥೆಗೆ ಮಾತ್ರ. ಆದರೆ ಅನುಮತಿಯುಳ್ಳ ಯಾವ ಪ್ರೋಗ್ರಾಂ ಆದರೂ ಅದನ್ನು ಬೇರೆ ಕಡತಗಳಂತೆಯೇ ತೆರೆದು ಓದಬಹುದಾಗಿತ್ತು.

ಈ ೧೬ ಬೈಟುಗಳೇ ಸಿ ಭಾಷೆಯ ಸ್ವರೂಪವನ್ನು ತಿದ್ದಿದುವೆಂಬುದನ್ನು ಬಹುಮಂದಿ ಅರಿಯರು. ಥಾಂಪ್ಸನ್ನರ ಬಿ ಭಾಷೆಯನ್ನು ರಿಚಿಯವರು ೧೯೭೧ರಿಂದ ವಿಸ್ತರಿಸುತ್ತ ಬಂದರು. ಬಿ ಭಾಷೆಯಲ್ಲಿ ಅರೇಯೊಂದನ್ನು ಘೋಷಿಸಿದಾಗ, ಅದರ ಮೊದಲ ಅಂಶದ ವಿಳಾಸವನ್ನು ಹೊತ್ತ ಪಾಯಿಂಟರ್ ಒಂದು ಸ್ಮೃತಿಯಲ್ಲಿ ಪ್ರತ್ಯೇಕ ಸ್ಥಳವನ್ನು ಪಡೆಯುತ್ತಿತ್ತು. ಸಂಖ್ಯೆಯನ್ನೂ ಹೆಸರನ್ನೂ ಒಂದೇ ಸ್ಟ್ರಕ್ಚರ್‌ನಲ್ಲಿ ಕೂಡಿಸಿ ಡೈರೆಕ್ಟರಿಯ ನಮೂದನ್ನು ಇದ್ದಂತೆಯೇ ವರ್ಣಿಸಬೇಕೆಂಬುದು ರಿಚಿಯವರ ಬಯಕೆ. ತಟ್ಟೆಯಿಂದ ಬಂದ ೧೬ ಬೈಟುಗಳಲ್ಲಿ ಪಾಯಿಂಟರ್‌ಗೆ ಎಡೆಯೆಲ್ಲಿ? ಅವರು ಆ ಪಾಯಿಂಟರನ್ನು ಸ್ಮೃತಿಯಿಂದಲೇ ತೆಗೆದುಹಾಕಿದರು. ಅರೇಯ ಹೆಸರು ಉಕ್ತಿಯಲ್ಲಿ ಬಂದಾಗ ಮಾತ್ರ ಅದು ಮೊದಲ ಅಂಶದ ವಿಳಾಸವಾಗಿ ಮಾರ್ಪಡತಕ್ಕದ್ದೆಂದು ನಿಯಮಿಸಿದರು. ಇಂದಿಗೂ ವಿದ್ಯಾರ್ಥಿಗಳನ್ನು ತಬ್ಬಿಬ್ಬುಗೊಳಿಸುವ ಈ ನಿಯಮದ ಮೂಲ ಇದೇ. ೧೯೭೩ರಲ್ಲಿ ಸ್ಟ್ರಕ್ಚರ್‌ಗಳು ಬಳಕೆಗೆ ಬಂದ ಮೇಲೆ ಯೂನಿಕ್ಸ್‌ನ ತಿರುಳನ್ನೇ ಸಿ ಭಾಷೆಯಲ್ಲಿ ತಿರುಗಿ ಬರೆಯಲಾಯಿತು.

ಬ್ರಯನ್ ಕರ್ನಿಹಾನ್‌ರೊಡನೆ ರಿಚಿಯವರು ರಚಿಸಿದ ಗ್ರಂಥ ೧೯೭೮ರಲ್ಲಿ ಹೊರಬಂದಿತು. ಡೈರೆಕ್ಟರಿಯನ್ನು ನೇರವಾಗಿ ಓದುವ ಉದಾಹರಣೆ ಅದರಲ್ಲಿದೆ. ಸಂಖ್ಯೆ ಸೊನ್ನೆಯಾದರೆ ನಮೂದು ಬರಿದು, ಅದನ್ನು ದಾಟಬೇಕು. ಹೆಸರು ಪೂರ್ಣ ೧೪ ಅಕ್ಷರಗಳಾದರೆ ಕೊನೆಗೆ ಸೊನ್ನೆಯ ಗುರುತಿರದು; ಪ್ರೋಗ್ರಾಂ ತಾನೇ ಅದನ್ನು ಸೇರಿಸಬೇಕು. ಹೀಗೆ ೧೬ ಬೈಟುಗಳ ಕಟ್ಟನ್ನು ನಂಬಿ ಬರೆದ ಪ್ರೋಗ್ರಾಂಗಳಿಗೆ ಕಷ್ಟಕಾಲ ಬಂದಿತು. ೧೯೮೩ರಲ್ಲಿ ಬರ್ಕ್ಲಿಯ ಯೂನಿಕ್ಸ್ ೨೫೫ ಅಕ್ಷರಗಳವರೆಗಿನ ಹೆಸರುಗಳಿಗೆ ಅವಕಾಶವಿತ್ತು, ನಮೂದಿನ ಅಳತೆಯನ್ನೇ ಬದಲಿಸಿತು. ಓಪನ್‌ಡಿರ್, ರೀಡ್‌ಡಿರ್, ಕ್ಲೋಸ್‌ಡಿರ್ ಎಂಬ ಫಂಕ್ಷನ್‌ಗಳ ಮೂಲಕ ಓದುವ ಕ್ರಮವನ್ನು ತಂದಿತು. ೧೯೮೮ರ ದ್ವಿತೀಯ ಆವೃತ್ತಿಯಲ್ಲಿ ಗ್ರಂಥಕರ್ತರು ತಮ್ಮ ಹಳೆಯ ಉದಾಹರಣೆಯನ್ನು ತಾವೇ ಈ ಕ್ರಮಕ್ಕೆ ಹೊಂದಿಸಿದರು. ತಮ್ಮ ಬರಹವನ್ನು ತಾವೇ ತಿದ್ದಿಕೊಂಡ ಈ ಸೌಜನ್ಯವು ನನಗೆ ಅವರ ಪ್ರಶಸ್ತಿಗಳಿಗಿಂತ ಹಿರಿದಾಗಿ ತೋರುತ್ತದೆ. ಇಂದಿನ ಲಿನಕ್ಸ್‌ನಲ್ಲಿ ಡೈರೆಕ್ಟರಿಯನ್ನು ಸಾಮಾನ್ಯ ಕಡತದಂತೆ ಓದಹೊರಟರೆ ದೊರೆಯುವುದು ದೋಷಸೂಚನೆ ಮಾತ್ರ. ೧೬ ಬೈಟುಗಳ ನಮೂದು ಮರೆಯಾಗಿದೆ. ಅದಕ್ಕಾಗಿ ಮಾಡಿದ ಅರೇಯ ನಿಯಮ ಉಳಿದಿದೆ.

ಥಾಂಪ್ಸನ್ನರೊಡನೆ ೧೯೮೩ರ ಟ್ಯೂರಿಂಗ್ ಪ್ರಶಸ್ತಿ, ೨೦೧೧ರ ಜಪಾನ್ ಪ್ರಶಸ್ತಿ ರಿಚಿಯವರಿಗೆ ಸಂದುವು. ೨೦೦೭ರಲ್ಲಿ ನಿವೃತ್ತರಾದ ಅವರು ನ್ಯೂಜೆರ್ಸಿಯ ಬರ್ಕ್ಲಿ ಹೈಟ್ಸ್‌ನ ಮನೆಯಲ್ಲಿ ಒಬ್ಬರೇ ವಾಸವಾಗಿದ್ದರು. ಅಲ್ಲಿಯೇ ಅವರು ತೀರಿಕೊಂಡಿರುವುದು ೨೦೧೧ರ ಅಕ್ಟೋಬರ್ ೧೨ರಂದು ತಿಳಿದುಬಂದಿತು. ಒಂದು ವಾರದ ಹಿಂದೆ ಗತಿಸಿದ್ದ ಸ್ಟೀವ್ ಜಾಬ್ಸ್‌ರ ಸುದ್ದಿಯಲ್ಲಿ ಮುಳುಗಿದ್ದ ಲೋಕವು ಇವರ ಮರಣವನ್ನು ಹೆಚ್ಚಾಗಿ ಗಮನಿಸಲಿಲ್ಲ. ಗ್ರಂಥಾಲಯಕ್ಕೆ ಸೇರದೆ ಉಳಿದಿದ್ದ ಆ ಮಹಾಪ್ರಬಂಧವನ್ನು ೨೦೨೦ರಲ್ಲಿ ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ ಸಾರ್ವಜನಿಕರ ಓದಿಗೆ ತೆರೆದಿಟ್ಟಿತು.