ದೀಪ ಹಿಡಿದ ನೈಟಿಂಗೇಲ್ ಲೆಕ್ಕಾನೂ ಇಟ್ಟಿದ್ದರು

ರಾಯಚೂರು: ಮೇ 12 ಬಂತಂದ್ರೆ ನರ್ಸಿಂಗ್ ಕಾಲೇಜುಗಳಲ್ಲಿ ದೀಪ ಹಚ್ಚಿ ಫ್ಲಾರೆನ್ಸ್ ನೈಟಿಂಗೇಲ್ ಫೋಟೋಕ್ಕೆ ಹಾರ ಹಾಕ್ತಾರೆ. ಅದು ಅವರು ಹುಟ್ಟಿದ ದಿನ. ರಾತ್ರಿ ದೀಪ ಹಿಡಿದು ಗಾಯಾಳುಗಳ ನಡುವೆ ಓಡಾಡಿದ ಮಹಾತಾಯಿ ಅಂತ ಎಲ್ಲರಿಗೂ ಗೊತ್ತು. ಆ ಬೆಳಕಿನಲ್ಲಿ ಅವರು ಏನು ನೋಡಿದರು ಅನ್ನೋದು ಗೊತ್ತಿರೋರು ಕಡಿಮೆ.

1820ರಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ ಹುಟ್ಟಿದರು, ಊರಿನ ಹೆಸರನ್ನೇ ಇಟ್ಟರು. ಮನೆತನ ಇಂಗ್ಲೆಂಡಿನ ಸಿರಿವಂತರದು. ನರ್ಸ್ ಕೆಲಸ ಅಂದ್ರೆ ಮೂಗು ಮುರಿಯೋ ಕಾಲ ಅದು, ಮನೆಯವರು ಒಪ್ಪಲಿಲ್ಲ. ಹಟ ಬಿಡದೆ 1851ರಲ್ಲಿ ಜರ್ಮನಿಗೆ ಹೋಗಿ ಮೂರು ತಿಂಗಳು ಕೆಲಸ ಕಲಿತರು.

ಕ್ರಿಮಿಯಾ ಯುದ್ಧ ನಡೆದಿತ್ತು. 1854ರ ನವೆಂಬರ್‌ನಲ್ಲಿ 38 ನರ್ಸ್‌ಗಳ ಜೊತೆ ಟರ್ಕಿಯ ಸ್ಕುಟಾರಿ ಸೇನಾ ಆಸ್ಪತ್ರೆ ಸೇರಿದರು. ವಾರ್ಡ್ ತೊಳೆಸಿದರು, ಬಟ್ಟೆ ಒಗೆಸಿದರು, ಅಡುಗೆ ಸುಧಾರಿಸಿದರು. ಆದರೂ ಸಾವು ನಿಲ್ಲಲಿಲ್ಲ. 1855ರ ಫೆಬ್ರವರಿಯಲ್ಲಿ ನೂರು ರೋಗಿಗಳಲ್ಲಿ 42 ಮಂದಿ ಸತ್ತರು. ಗಾಯಕ್ಕಿಂತ ಜ್ವರ, ಭೇದಿ, ಕಾಲರಾದಿಂದ ಸತ್ತವರೇ ಹೆಚ್ಚು.

ಮಾರ್ಚ್‌ನಲ್ಲಿ ಲಂಡನ್‌ನಿಂದ ನೈರ್ಮಲ್ಯ ತಂಡ ಬಂತು. ಆಸ್ಪತ್ರೆ ಅಡಿಯಲ್ಲೇ ಗಟಾರ ಕೊಳೆತು ನಿಂತಿತ್ತು. ನೀರು ಬರೋ ಕಾಲುವೆಯಲ್ಲಿ ಸತ್ತ ಕುದುರೆ ಬಿದ್ದಿತ್ತು. ಎಲ್ಲ ಸ್ವಚ್ಛ ಮಾಡಿಸಿ, ಕಿಟಕಿಗಳಿಂದ ಗಾಳಿ ಆಡೋ ಹಾಗೆ ಮಾಡಿದರು. ಜೂನ್ ಹೊತ್ತಿಗೆ ಸಾವು ನೂರಕ್ಕೆ ಎರಡಕ್ಕೆ ಇಳಿಯಿತು.

ಸೈನಿಕರು ಸತ್ತಿದ್ದು ಊಟ, ಬಟ್ಟೆ ಸಾಲದೆ ಅಂತ ನೈಟಿಂಗೇಲ್ ಮೊದಲು ನಂಬಿದ್ದರು. ಊರಿಗೆ ಮರಳಿ ಸಾವಿನ ಅಂಕಿಗಳನ್ನು ತಿಂಗಳವಾರು ಕೂಡಿಸಿ ನೋಡಿದಾಗ ಲೆಕ್ಕ ಬೇರೇನೇ ಹೇಳಿತು. ಅವರು ತಮ್ಮ ಅಭಿಪ್ರಾಯ ಬದಲಿಸಿದರು. ಆ ಅಂಕಿಗಳನ್ನೇ ಬಣ್ಣದ ಚಿತ್ರ ಮಾಡಿ 1858ರಲ್ಲಿ ಸರ್ಕಾರದ ಮುಂದಿಟ್ಟರು. ಕರುಣೆಯ ಜೊತೆ ಕಣ್ಣು, ಲೆಕ್ಕ, ತೀರ್ಮಾನ ಮೂರೂ ಇದ್ದರೇನೇ ನರ್ಸ್ ಅನ್ನೋದು ಅವರ ಬದುಕಿನ ಪಾಠ.

1859ರಲ್ಲಿ ಬರೆದ ಪುಸ್ತಕದಲ್ಲೂ ಇದೇ ವಿಷಯ. ರಾತ್ರಿ ನಿದ್ದೆ ಚಲೋ ಆತಾ ಅಂತ ಕೇಳಿದರೆ ಉಪಯೋಗ ಇಲ್ಲ. ಎಷ್ಟು ತಾಸು ಮಲಗಿದ, ಯಾವಾಗ ಎಚ್ಚರ ಆಯಿತು ಅಂತ ಕೇಳಬೇಕು ಅನ್ನೋದು ಅವರ ವಾದ. 1860ರಲ್ಲಿ ಲಂಡನ್‌ನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನರ್ಸಿಂಗ್ ಶಾಲೆ ತೆರೆದರು. ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದರೂ ಭಾರತದ ಸೇನಾ ಠಾಣೆಗಳಿಗೆ ನೀರು, ಚರಂಡಿ ಹೇಗಿದೆ ಅಂತ ಪ್ರಶ್ನೆಪತ್ರ ಕಳಿಸಿದರು. ಇಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಸೈನಿಕರು ಸಾಯ್ತಿದ್ದಾರೆ ಅನ್ನೋದು 1863ರ ವರದಿಯಲ್ಲಿ ಹೊರಬಂತು. ಭಾರತಕ್ಕೆ ಅವರು ಒಮ್ಮೆಯೂ ಬರಲಿಲ್ಲ. 1910ರ ಆಗಸ್ಟ್ 13ರಂದು 90ನೇ ವಯಸ್ಸಿನಲ್ಲಿ ತೀರಿಕೊಂಡರು.

ಸ್ಕುಟಾರಿಯ ನೀರಿನ ಕತೆ ನಮ್ಮ ಜಿಲ್ಲೆಗೆ ಹೊಸದಲ್ಲ. 2022ರಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನಲ್ಲಿ ನೀರು ಕುಡಿದು ಜನ ಸತ್ತರು. ಮರುವರ್ಷ ದೇವದುರ್ಗ ತಾಲೂಕಿನ ರೇಕಲಮರಡಿಯಲ್ಲಿ ವಾಂತಿ-ಭೇದಿ ಹಬ್ಬಿತು. ಇಂಥ ಹೊತ್ತಲ್ಲಿ ಒಂದೇ ಓಣಿಯಿಂದ ನಾಲ್ಕು ಮಂದಿ ಬಂದಾರ ಅಂತ ಮೊದಲು ಗುರುತಿಸಬಲ್ಲವರು ಹಾಸಿಗೆ ಪಕ್ಕ ಇರೋ ಸಿಸ್ಟರೇ. ದೇವದುರ್ಗ, ಮಾನ್ವಿಯಲ್ಲಿ ರಾತ್ರಿ ಪಾಳಿಯಲ್ಲಿ ನಾಡಿ ಹಿಡಿದು, ಕಣ್ಣು ಒಳಗೆ ಹೋಗಿದ್ದು ನೋಡಿ, ಡಾಕ್ಟರನ್ನು ಈಗಲೇ ಎಬ್ಬಿಸಬೇಕು ಅಂತ ತೀರ್ಮಾನಿಸೋದೂ ಅವರೇ. ಅದು ತಡವಾದರೆ ರಾಯಚೂರಿನ ರಿಮ್ಸ್‌ಗೆ ಹೊರಡೋದೂ ತಡ.

ಎಷ್ಟು ಸಲ ಭೇದಿ ಆತು, ಮೂತ್ರ ಯಾವಾಗ ಆತು, ಎಲ್ಲಿ ನೀರು ಕುಡಿದ್ರಿ ಅಂತ ಸಿಸ್ಟರ್ ಕೇಳಿದಾಗ ಬೇಸರ ಮಾಡಿಕೊಳ್ಳದೆ ಸರಿಯಾದ ಲೆಕ್ಕ ಹೇಳ್ರಿ. ರೋಗಿಯ ಜೀವ ಆ ಉತ್ತರದ ಮೇಲೆ ನಿಂತಿರಬಹುದು.